ಹೀರಾಳ ಅಳತೆ

ಹೈದರಾಬಾದಿನ ಕೋಠಿಯಲ್ಲಿ, ಔಷಧದ ಅಂಗಡಿಗಳ ಸಾಲಿನ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ, ಅಂಬವ್ವ ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಯಾದಗಿರಿ ಕಡೆಯಿಂದ ಮದುವೆಯಾಗಿ ಬಂದವಳು. ಗಂಡ ಬಂಡೆಪ್ಪ ಅದೇ ಕಟ್ಟಡದ ಕೆಳಗೆ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬಾಗಿಲಲ್ಲಿ ನಿಂತ ಹೆಂಗಸನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, ಟೇಪು ಮುಟ್ಟುವ ಮೊದಲೇ ಅಂಬವ್ವ ಅಳತೆ ಹೇಳಿಬಿಡುತ್ತಿದ್ದಳು. ಹೆಚ್ಚೆಂದರೆ ಅರ್ಧ ಇಂಚು ಹೆಚ್ಚುಕಡಿಮೆ. ಹಾಗಾದಾಗಲೂ, ‘ಹೋದ ಸಲಕ್ಕಿಂತ ನೀ ಸೊರಗೀದಿ’ ಎಂದು ತಪ್ಪನ್ನು ಗಿರಾಕಿಯ ಮೈಮೇಲೆಯೇ ಹಾಕುತ್ತಿದ್ದಳು.

ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ, ಬೇಸಿಗೆ ಮುಗಿಯುವ ಹೊತ್ತಿಗೆ, ಶಿವದೇವಿ ಉದ್ದನೆಯ ಕಾಗದದ ಸುರುಳಿಯೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದಳು. ಶಿವದೇವಿ ಪಕ್ಕದ ಓಣಿಯ ಅಮರೇಶಪ್ಪನವರ ಮಗಳು. ಅವಳ ಮೊದಲ ಶಾಲೆಯ ಯೂನಿಫಾರ್ಮಿನಿಂದ ಹಿಡಿದು ನೌಕರಿಗೆ ಸೇರಿದ ದಿನದ ಚೂಡಿದಾರದವರೆಗೆ ಎಲ್ಲವನ್ನೂ ಹೊಲಿದದ್ದು ಅಂಬವ್ವನೇ.

“ಕಾಕು, ಇಕಿದೊಂದು ಡ್ರೆಸ್ ಹೊಲೀಬೇಕಾಗೇತ್ರಿ” ಎಂದು ಶಿವದೇವಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದವನ್ನು ಹರಡಿದಳು.

ಕೋಟೆಯ ಗೋಡೆಯಿಂದ ಜಿಗಿಯುತ್ತಿದ್ದ ಹುಡುಗಿಯ ಚಿತ್ರ ಅದು. ಎದೆಗೆ ಎರಡು ಬೆಳ್ಳಿಯ ತಗಡು, ಸೊಂಟಕ್ಕೊಂದು ಚರ್ಮದ ಪಟ್ಟಿ, ಅವೆರಡರ ನಡುವೆ ಏನೂ ಇಲ್ಲ. ಭುಜದ ಮೇಲೆ ಹೆಡೆ ಎತ್ತಿದಂಥ ಕವಚ. ಮೊಳಕಾಲ ಮೇಲಿನವರೆಗೆ ಬೂಟು, ಅದಕ್ಕೆ ಮೊಳೆಯಂಥ ಹಿಮ್ಮಡಿ. ಬಿಚ್ಚಿದ ಕೂದಲು ಸೊಂಟದ ತನಕ ಹಾರುತ್ತಿತ್ತು.

ಅಂಬವ್ವ ಮೇಲಿಂದ ಕೆಳಗೆ ನೋಡಿದಳು. ಅಳತೆ ಬಾಯಿಗೆ ಬರಲಿಲ್ಲ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.

“ಯಾರವ್ವಾ ಇಕಿ? ಸಿನಿಮಾದಾಕಿ ಏನು?”

“ಇಲ್ರಿ, ನಮ್ಮ ಗೇಮಿನಾಕಿ. ಹೀರಾ ಅಂತ ಹೆಸರು.”

ಹಿಮಾಯತ್‌ನಗರದಲ್ಲಿ ತಾನು ಕೆಲಸ ಮಾಡುವ ಸಣ್ಣ ಕಂಪನಿ ಕಂಪ್ಯೂಟರ್ ಆಟಗಳನ್ನು ತಯಾರಿಸುತ್ತದೆ ಎಂದು ಶಿವದೇವಿ ಬಿಡಿಸಿ ಹೇಳಿದಳು. ಹೀರಾ ಹಳೆಯ ಕೋಟೆಯೊಂದರಲ್ಲಿ ಬುರುಜಿನಿಂದ ಬುರುಜಿಗೆ ಸುದ್ದಿ ಒಯ್ಯುವ ಹುಡುಗಿ. ವೈರಿಗಳು ಮುತ್ತಿಗೆ ಹಾಕಿದ್ದಾರೆ, ಅವಳು ಗೋಡೆ ಹತ್ತಿ, ಕಂದಕ ಹಾರಿ ಸುದ್ದಿ ಮುಟ್ಟಿಸಬೇಕು. ಆಡುವವರು ಕೀಲಿಗಳನ್ನು ಒತ್ತಿ ಅವಳನ್ನು ಓಡಿಸಬೇಕು. ಚಿತ್ರ ಬರೆದವನು ಮಲ್ಲಿಕಾರ್ಜುನ. ಚಿತ್ರಕ್ಕೆ ಚಲನೆ ಕೊಡುವುದು, ನಡೆಸುವುದು, ಓಡಿಸುವುದು, ಹತ್ತಿಸುವುದು ಶಿವದೇವಿಯ ಕೆಲಸ.

“ಹದಿನೈದು ದಿನಾ ಆತ್ರಿ ಕಾಕು, ಇಕಿ ಹತ್ತವಲ್ಲಳು. ಕೈ ಎತ್ತಿಸಿದ್ರ ಭುಜದ ತಗಡು ಕಿವ್ಯಾಗ ಹೋಗತೈತಿ. ಓಡಿಸಿದ್ರ ಮೊಳಕಾಲು ಬಗ್ಗೋದಿಲ್ಲ. ಬಾಯಿಲೆ ಹೇಳಿದ್ರ ಆಫೀಸಿನ್ಯಾಗ ಯಾರೂ ನಂಬವಲ್ರು. ಅದಕ್ಕ ನನ್ನ ಮೈಗೆ ಹೊಂದೋ ಹಂಗ ಹೊಲಿದು ಕೊಡ್ರಿ. ತುಂಬುತೋಳಿನ ಬನಿಯನ್ ಮ್ಯಾಲ ಹಾಕ್ಕೊಂಡು, ಹತ್ತಿ ತೋರಸ್ತೀನಿ.”

ಅಂಬವ್ವ ಟೇಪು ತೆಗೆದು ಚಿತ್ರದ ಮೇಲೆಯೇ ಇಟ್ಟಳು. ತಲೆಯ ಉದ್ದವನ್ನು ಒಂಬತ್ತು ಇಂಚು ಎಂದು ಹಿಡಿದು, ಉಳಿದದ್ದನ್ನು ಬೆರಳಲ್ಲಿ ಎಣಿಸಿದಳು. ಸೊಂಟದ ಸುತ್ತಳತೆ ಹದಿನೈದು ಬಂತು. ಎಲ್ಲೋ ತಪ್ಪಿದೆನೆಂದು ಮತ್ತೆ ಎಣಿಸಿದಳು. ಮತ್ತೂ ಹದಿನೈದೇ.

“ಎರಡನೇ ಕ್ಲಾಸಿನ ಹುಡುಗಿ ಫ್ರಾಕಿಗೆ ನಾ ಇಪ್ಪತ್ತು ಇಡತೀನಿ. ಇಕಿ ಉಂಡದ್ದು ಎಲ್ಲಿಗೆ ಹೋಗತೈತಿ?” ಎಂದಳು. ಆಮೇಲೆ ಕಾಗದವನ್ನು ಎತ್ತಿ ಹಿಂಬದಿಯನ್ನೂ ನೋಡಿದಳು. “ಹುಕ್ಕಿಲ್ಲ, ಗುಂಡಿ ಇಲ್ಲ, ಲಾಡಿ ಇಲ್ಲ. ಮುಂಜಾನೆ ಎದ್ದು ಇದನ್ನ ಹಾಕ್ಕೊಳ್ಳೋದರ ಹೆಂಗ?”

ಶಿವದೇವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲಿಯಲಾಗದ ಬಟ್ಟೆ ಇದೆ ಎಂದು ಒಪ್ಪಿಕೊಳ್ಳುವುದು ಮಾತ್ರ ಅಂಬವ್ವನ ಜಾಯಮಾನದಲ್ಲೇ ಇರಲಿಲ್ಲ. ತಗಡಿನ ಬದಲು ರಟ್ಟಿಗೆ ಬೆಳ್ಳಿ ಬಣ್ಣದ ರೆಕ್ಸಿನ್ ಸುತ್ತಿ, ಬೆನ್ನಿಗೆ ತನ್ನದೇ ಬುದ್ಧಿಯಿಂದ ಎಂಟು ಹುಕ್ಕು ಇಟ್ಟು, ನಾಲ್ಕು ದಿನದಲ್ಲಿ ಮುಗಿಸಿದಳು. ಶನಿವಾರ ಬೆಳಿಗ್ಗೆ, “ಹರಿದ್ರ ಅಲ್ಲೇ ಹೊಲಿದು ಕೊಡಬೇಕಾಗತೈತಿ” ಎಂದು ಸೂಜಿದಾರದ ಡಬ್ಬಿ ಹಿಡಿದು ತಾನೂ ಶಿವದೇವಿಯ ಜೊತೆ ಆಟೋ ಹತ್ತಿದಳು.

ಕಂಪನಿ ಇದ್ದದ್ದು ಒಂದು ಸೀರೆ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ. ಯಜಮಾನರು ಸುಬ್ಬರಾಯರು. ಮೈಸೂರು ಕಡೆಯ ತಂದೆ ಸರಕಾರಿ ಕಾರ್ಖಾನೆಯ ಕೆಲಸಕ್ಕೆ ಇಲ್ಲಿಗೆ ಬಂದಿದ್ದರಿಂದ ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದೇ. “ಬನ್ನಿ ಅಮ್ಮಾ, ಕೂತ್ಕೊಳ್ಳಿ” ಎಂದು ಅವರೇ ಕುರ್ಚಿ ಎಳೆದು ಕೊಟ್ಟರು. ಮಲ್ಲಿಕಾರ್ಜುನ ಬೀದರದವನು, ಮೂವತ್ತರ ಆಸುಪಾಸು, ಕುರುಚಲು ಗಡ್ಡ. ತನ್ನ ಚಿತ್ರವನ್ನು ಪರೀಕ್ಷೆಗೆ ಒಡ್ಡುತ್ತಿದ್ದಾರೆಂದು ಅವನ ಮುಖ ಆಗಲೇ ಬಿಗಿದಿತ್ತು.

ಎಲ್ಲರೂ ಮಾಳಿಗೆಗೆ ಹೋದರು. ಅಲ್ಲಿ ನೀರಿನ ಟಾಕಿಗೆ ಒಂದು ಕಬ್ಬಿಣದ ಏಣಿ ಇತ್ತು. ಹೀರಾಳ ವೇಷದಲ್ಲಿ, ಎಲ್ಲಿಂದಲೋ ಹೊಂದಿಸಿ ತಂದ ಎತ್ತರದ ಹಿಮ್ಮಡಿಯ ಬೂಟು ತೊಟ್ಟು, ಶಿವದೇವಿ ಏಣಿಯ ಬುಡಕ್ಕೆ ನಿಂತಳು. ಸುಬ್ಬರಾಯರು ಕ್ಯಾಮೆರಾ ಹಿಡಿದರು. ಮೊದಲ ಮೆಟ್ಟಿಲಲ್ಲೇ ಹಿಮ್ಮಡಿ ಜಾರಿತು. ಎರಡನೆಯದಕ್ಕೆ ಕೈ ಚಾಚಿದಾಗ ಭುಜದ ಕವಚ ಕಿವಿಗೆ ಒತ್ತಿ, ತಲೆ ಒಂದು ಕಡೆಗೆ ವಾಲಿತು. ಮೂರನೆಯದಕ್ಕೆ ಬಗಲಿನ ಹೊಲಿಗೆ ಪರ್ರೆಂದು ಬಿಟ್ಟಿತು. ಗಾಳಿ ಬೀಸಿ ಕೂದಲೆಲ್ಲ ಬಾಯಿಗೆ ಬಂತು. ಬೂಟಿನ ಹಿಮ್ಮಡಿ ಸರಳಿನ ಸಂದಿಯಲ್ಲಿ ಸಿಕ್ಕಿಕೊಂಡು, ಶಿವದೇವಿ ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ಜೋತುಬಿದ್ದಳು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು ಕೈಯಲ್ಲಿದ್ದ ಸೀರೆ ಬಿಟ್ಟು ನೋಡುತ್ತ ನಿಂತರು.

“ಕಾಕು, ಬೂಟು ಬಿಚ್ಚ್ರಿ!” ಎಂದು ನಗುತ್ತಲೇ ಕೂಗಿದಳು ಶಿವದೇವಿ. ಅಂಬವ್ವ ಸೆರಗು ಸಿಕ್ಕಿಸಿ, ಎರಡು ಮೆಟ್ಟಿಲು ಹತ್ತಿ, ಬೂಟಿನಿಂದ ಅವಳ ಕಾಲನ್ನು ಬಿಡಿಸಿದಳು. ಬೂಟು ಏಣಿಯಲ್ಲೇ ಉಳಿಯಿತು.

ಸುಬ್ಬರಾಯರಿಗೆ ನಕ್ಕು ನಕ್ಕು ಕ್ಯಾಮೆರಾ ಹಿಡಿಯಲಾಗಲಿಲ್ಲ. ಮಲ್ಲಿಕಾರ್ಜುನ ನಗಲಿಲ್ಲ.

“ಆಟದಾಗ ಬಟ್ಟಿ ಹರಿಯೋದಿಲ್ರಿ. ಅದು ಕಂಪ್ಯೂಟರು. ಅಲ್ಲಿ ನಾವು ಹೇಳಿದ್ದ ನಡೀತೈತಿ. ಬರ್ರಿ ಕಾಕು, ನೀವ ನೋಡ್ರಿ” ಎಂದು ಕೆಳಗೆ ಕರೆದುಕೊಂಡು ಹೋಗಿ ಪರದೆಯ ಮುಂದೆ ಅಂಬವ್ವನನ್ನು ಕೂರಿಸಿದ.

ಪರದೆಯ ಮೇಲೆ ಕೋಟೆ ತೆರೆದುಕೊಂಡಿತು. ಅಂಬವ್ವ ಬೆರಗಾದಳು. ಒಂದೊಂದು ಕಲ್ಲೂ ಬೇರೆ ಬೇರೆ. ಸಂದಿಯಲ್ಲಿ ಗಾರೆ ಉದುರಿದ ಗುರುತು, ಅಲ್ಲಿಂದ ಇಣುಕುವ ಹುಲ್ಲು, ನೀರು ಇಳಿದು ಕಪ್ಪಾದ ಕಲೆ, ಗೂಡುಗಳ ಕೆಳಗೆ ಪಾರಿವಾಳದ ಹಿಕ್ಕಿ.

“ಭಾಳ ಚಂದ ಬರದೀರಿ ತಮ್ಮಾ. ಕೈ ಇಟ್ರ ಬೆಚ್ಚಗ ಹತ್ತೀತು ಅನಸತೈತಿ.”

ಮಲ್ಲಿಕಾರ್ಜುನನ ಮುಖ ಅರಳಿತು. “ಎರಡು ತಿಂಗಳು, ಒಂದ ಐತವಾರ ಬಿಟ್ಟಿಲ್ರಿ. ಗೋಲ್ಕೊಂಡಾಕ್ಕ ಹೋಗಿ, ಬಿಸಿಲಾಗ ಕುಂತು, ಒಂದೊಂದ ಗೋಡಿ ನೋಡಿ ಬರಕೊಂಡು ಬಂದೀನಿ.”

“ಪಾರಿವಾಳದ ಹಿಕ್ಕಿ ಸೈತ ನೋಡಿ ಬರದೀರಿ” ಎಂದಳು ಅಂಬವ್ವ. ಚುಚ್ಚಬೇಕೆಂದು ಅಲ್ಲ, ನಿಜವಾಗಿ ತಿಳಿಯಬೇಕೆಂದೇ ಮುಂದೆ ಕೇಳಿದಳು. “ಈ ಹುಡುಗಿನ್ನ ಯಾರನ್ನ ನೋಡಿ ಬರದ್ರಿ?”

ಮಲ್ಲಿಕಾರ್ಜುನ ಕೀಲಿಮಣೆಯನ್ನು ಅತ್ತಿತ್ತ ಸರಿಸಿದ.

“ಬ್ಯಾರೆ ಆಟದಾಗಿನ ಹೆಣ್ಮಕ್ಕಳನ್ನ ನೋಡಿ” ಎಂದ ಕೊನೆಗೆ, ಮೆಲ್ಲಗೆ.

ಸುಬ್ಬರಾಯರು ನಡುವೆ ಬಂದರು. “ಅಮ್ಮಾ, ನೀವು ಹೇಳೋದು ಸರಿನೇ. ಆದ್ರೆ ಆರು ವಾರಕ್ಕೆ ಬೆಂಗಳೂರಿಂದ ವಿತರಕರು ನೋಡೋಕೆ ಬರ್ತಿದಾರೆ. ಹೀರೋಯಿನ್ನು ಕಣ್ಣಿಗೆ ಹೊಡೆಯೋ ಹಾಗಿರ್ಬೇಕು ಅಂತ ಅವರು ಮೊದಲೇ ಹೇಳಿದಾರೆ.” ಆಮೇಲೆ ಶಿವದೇವಿಯ ಕೆಂಪಾದ ಕಿವಿಯನ್ನು ನೋಡಿ ಗಲ್ಲ ಕೆರೆದುಕೊಂಡರು. “ಮೂರು ವಾರ ಕೊಡ್ತೀನಿ. ಬೇರೆ ಹೀರಾನ ತೋರ್ಸಿ. ಚೆನ್ನಾಗಿದ್ರೆ ಅವಳೇ.”

ಮನೆಗೆ ಬಂದ ಅಂಬವ್ವನಿಗೆ ಉಣ್ಣಲು ಮನಸ್ಸಾಗಲಿಲ್ಲ. ಪರರ ಆಫೀಸಿಗೆ ಹೋಗಿ, ಓದಿದ ಹುಡುಗನನ್ನು ನಾಲ್ಕು ಜನರ ಎದುರಿಗೆ ಬಾಯಿ ಮುಚ್ಚಿಸಿ ಬಂದೆನಲ್ಲ ಎಂದು ಹಳಹಳಿಸಿದಳು. ಬಂಡೆಪ್ಪ ಕೇಳಿ, “ಮೂವತ್ತು ವರ್ಷದಿಂದ ನನ್ನ ಬಾಯಿ ಮುಚ್ಚಿಸಾಕತ್ತೀ, ಒಂದ ದಿನಾನೂ ಊಟಾ ಬಿಟ್ಟಿಲ್ಲಲಾ” ಎಂದ.

ಸೋಮವಾರ ಹನ್ನೊಂದರ ಹೊತ್ತಿಗೆ ಮೆಟ್ಟಿಲ ಮೇಲೆ ಮಲ್ಲಿಕಾರ್ಜುನ ನಿಂತಿದ್ದ. ಕಂಕುಳಲ್ಲಿ ದೊಡ್ಡ ನೋಟುಪುಸ್ತಕ.

“ನನಗ ಬರಂಗಿಲ್ರಿ ಕಾಕು” ಎಂದ. “ನಿನ್ನೆ ದಿನಾಪೂರ್ತಿ ಕುಂತು ಬರದೆ. ಕೈ ಎತ್ತಿದ್ರ ಹೆಣ್ಮಕ್ಕಳ ಭುಜ ಹೆಂಗ ಏಳತೈತಿ ಅನ್ನೋದ ನನಗ ಗೊತ್ತಿಲ್ಲ. ಎಂದೂ ನೋಡೇ ಇಲ್ಲ.”

ಅಂಬವ್ವನಿಗೆ ಅವನು ಒಮ್ಮೆಲೇ ಹಿಡಿಸಿಬಿಟ್ಟ. ಆದರೆ ಹೆಂಗಸರು ಅಳತೆ ಕೊಡಲು ಬರುವ ಜಾಗದಲ್ಲಿ ಗಂಡಸನ್ನು ಕೂರಿಸುವುದು ಹೇಗೆ? ಯೋಚಿಸಿ, ಒಂದು ಸ್ಟೂಲನ್ನು ಕಿಟಕಿಗೆ ಹಾಕಿ, ಒಳಗಿನ ಕಡೆಗೆ ಪರದೆ ಎಳೆದಳು. ಕಿಟಕಿಯ ಕೆಳಗೇ ಬಸ್ ನಿಲ್ಲುವ ಜಾಗ.

“ಬಸ್ ಹತ್ತೋರನ್ನ ನೋಡ್ರಿ. ನಿಮ್ಮ ಹೀರಾ ಗೋಡಿ ಹತ್ತತಾಳ, ಇವ್ರು ಬಸ್ ಹತ್ತತಾರ. ಗೋಡಿಯರ ನಿಂತಿರತೈತಿ, ಬಸ್ ನಿಲ್ಲೋದಿಲ್ಲ.”

ಮಲ್ಲಿಕಾರ್ಜುನ ನೋಡತೊಡಗಿದ. ಪುಸ್ತಕದ ಚೀಲ ಎದೆಗೆ ತಿರುಗಿಸಿಕೊಂಡು ಹತ್ತುವ ಕಾಲೇಜು ಹುಡುಗಿ. ತಲೆಯ ಮೇಲಿನ ಬುಟ್ಟಿಯನ್ನು ಮೊದಲು ಒಳಗೆ ತಳ್ಳಿ, ಆಮೇಲೆ ತಾನು ಏರುವ ಹೂವಿನವಳು. ಟಿಕೆಟ್ಟಿಗೆಂದು ತೆಗೆದ ನೋಟನ್ನು ಹಲ್ಲಲ್ಲಿ ಕಚ್ಚಿ, ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸರಳು ಹಿಡಿದ ತಾಯಿ. ಒಬ್ಬರೂ ಕೂದಲು ಬಿಚ್ಚಿಕೊಂಡಿರಲಿಲ್ಲ. ಒಬ್ಬೊಬ್ಬರ ಕಾಲು ಒಂದೊಂದು ಥರ ಏಳುತ್ತಿತ್ತು. ಅವನ ಪೆನ್ಸಿಲ್ಲಿಗೆ ಬಿಡುವಿಲ್ಲದಾಯಿತು.

ಮೂರನೆಯ ದಿನ, ಮೇಲಿಂದ ಏನು ನೋಡುತ್ತಿದ್ದೀಯೋ ಎಂದು ಕೆಳಗಿನಿಂದ ಹಿಂದಿಯಲ್ಲಿ ಗದರಿಕೆ ಕೇಳಿಸಿತು. “ಏ! ಕ್ಯಾ ದೇಖ್ ರಾ ರೇ ಊಪರ್ ಸೇ?”

ಮಲ್ಲಿಕಾರ್ಜುನ ಬೆಚ್ಚಿ ಸ್ಟೂಲಿನಿಂದ ಎದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಗಿ, ಗಟ್ಟಿಮುಟ್ಟಾದ ನಲವತ್ತರ ಹೆಂಗಸೊಬ್ಬಳು ಕೊಡೆಯನ್ನು ಲಾಠಿಯಂತೆ ಹಿಡಿದು ಒಳಗೆ ನುಗ್ಗಿದಳು. ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಗಿರಿಜಾಬಾಯಿ. ಅಂಬವ್ವನ ಹಳೆಯ ಗಿರಾಕಿ.

“ಅಂಬವ್ವಾ, ನಿನ್ನ ಕಿಡಕ್ಯಾಗ ಯಾರನ್ನ ಕುಂದರಿಸೀದಿ? ಮೂರು ದಿನದಿಂದ ನೋಡಾಕತ್ತೀನಿ, ಹೆಣ್ಮಕ್ಕಳನ್ನ ದಿಟ್ಟಿಸಿ ನೋಡಾಕತ್ತಾನ!”

“ತಡಿಯವ್ವಾ, ಕೊಡಿ ಇಳಿಸು. ತಮ್ಮಾ, ಪುಸ್ತಕ ತೋರಿಸು ಆಕಿಗೆ” ಎಂದಳು ಅಂಬವ್ವ. ಗಾಬರಿಯಲ್ಲಿ ಬಹುವಚನ ಬಿಟ್ಟುಹೋಗಿತ್ತು, ಆಮೇಲೆ ಅದು ತಿರುಗಿ ಬರಲೂ ಇಲ್ಲ.

ಮಲ್ಲಿಕಾರ್ಜುನ ಹಾಳೆ ತಿರುವಿದ. ಅಲ್ಲಿ ಗಿರಿಜಾಬಾಯಿಯೇ ಇದ್ದಳು. ಊಟದ ಡಬ್ಬಿ ಮೊಣಕೈಗೆ ಸಿಕ್ಕಿಸಿ, ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಕಾಲು ರಸ್ತೆಯನ್ನು ಒದ್ದು ಏಳುತ್ತಿರುವಾಗ, ಭುಜದ ಬಲವೆಲ್ಲ ಸರಳು ಹಿಡಿದ ಕೈಗೆ ಇಳಿದ ಗಳಿಗೆಯಲ್ಲಿ. ಗಿರಿಜಾಬಾಯಿ ಬಹಳ ಹೊತ್ತು ನೋಡಿದಳು. ಕೊಡೆ ತಾನಾಗಿ ಕೆಳಗಿಳಿಯಿತು.

“ಮೂಗು ದಪ್ಪ ಬರದಿ” ಎಂದಳು. ಆಮೇಲೆ, “ನಾ ಹಿಂಗ ಕಾಣತೀನಾ?” ಎಂದಳು, ಬೇರೆಯೇ ದನಿಯಲ್ಲಿ.

ವಿಷಯ ತಿಳಿದ ಮೇಲೆ ಅವಳು ಚಹಾಕ್ಕೆ ಕುಳಿತಳು. ರೋಗಿಯನ್ನು ಮಂಚದಿಂದ ಎತ್ತುವಾಗ ಬೆನ್ನು ಬಗ್ಗಿಸಬಾರದು, ಮೊಳಕಾಲು ಬಗ್ಗಿಸಬೇಕು ಎಂದು ಹೊಲಿಗೆ ಯಂತ್ರದ ಪಕ್ಕದಲ್ಲೇ ಮಾಡಿ ತೋರಿಸಿದಳು. ಎತ್ತಲು ರೋಗಿ ಬೇಕಲ್ಲ? ಮಲ್ಲಿಕಾರ್ಜುನನನ್ನೇ ನೆಲದ ಮೇಲೆ ಮಲಗಿಸಿ, ಬಗಲಿಗೆ ಕೈ ಹಾಕಿ, ಒಂದೇ ಏಟಿಗೆ ಎತ್ತಿ ಸ್ಟೂಲಿನ ಮೇಲೆ ಕೂರಿಸಿದಳು. ಅವನು ಕಣ್ಣು ಬಿಟ್ಟುಕೊಂಡು, “ಗೊತ್ತಾತ್ರಿ, ಭುಜ ಹೆಂಗ ಏಳತೈತಿ ಗೊತ್ತಾತು” ಎಂದ.

ಹೀಗೆ ಹೊಸ ಹೀರಾ ಹುಟ್ಟಿದಳು. ಗಿರಿಜಾಬಾಯಿಯ ಭುಜ, ಕಾಲೇಜು ಹುಡುಗಿಯ ಚುರುಕು ಪಾದ, ಊಟ ಮಾಡುವ ಮನುಷ್ಯರಿಗೆ ಇರುವಂಥ ಸೊಂಟ. ಬಟ್ಟೆಯ ಕೆಲಸ ಅಂಬವ್ವನದು. ಮೊಳಕಾಲಿನವರೆಗೆ ಅಂಗಿ, ಎರಡೂ ಬದಿಗೆ ಸೀಳು. ಕೈ ಎತ್ತಿದರೂ ಎಳೆಯದ ಹಾಗೆ ಬಗಲಿಗೊಂದು ಚೌಕ ತುಂಡು. ಕಾಲಿಗೆ ಚೂಡಿದಾರ, ಚಪ್ಪಟೆ ಅಟ್ಟೆಯ ಜೋಡು. ಸುದ್ದಿಯ ಓಲೆ ಇಡಲು ಒಂದು ಕಿಸೆ, ತಿನ್ನಲು ಏನಾದರೂ ಇಟ್ಟುಕೊಳ್ಳಲು ಇನ್ನೊಂದು. ಕೂದಲು ಜಡೆ ಹೆಣೆದು ಸುತ್ತಿ ಕಟ್ಟಿದ್ದು.

ಮಲ್ಲಿಕಾರ್ಜುನ ಈಗ ಇನ್ನೊಂದು ತುದಿಗೆ ಹೋಗಿದ್ದ. ಬಟ್ಟೆಗೆಲ್ಲ ಮಣ್ಣಿನ ಬಣ್ಣ ತುಂಬಿ, ಮೈಮೇಲೆ ಒಂದು ಮಣಿಯೂ ಇಲ್ಲದಂತೆ ಮಾಡಿ ತಂದ. ಅಂಬವ್ವ ಅದನ್ನು ಅತ್ತ ಸರಿಸಿದಳು.

“ಚಂದ ಇರಬಾರದು ಅಂತ ನಾ ಯಾವಾಗ ಅಂದೆ? ಕೆಲಸಕ್ಕ ಹೋಗೋ ಹೆಂಗಸು ಕನ್ನಡ್ಯಾಗ ಮಾರಿ ನೋಡ್ಕೊಂಡ ಹೋಗತಾಳ. ಅಂಗಿಗೆ ಇಳಕಲ್ ಸೀರಿದು ಕೆಂಪು ಅಂಚು ಹಚ್ಚು. ಮೂಗಿಗೆ ಒಂದು ನತ್ತು ಇಡು, ಸಣ್ಣದು.”

ಮತ್ತೆ ಅದೇ ಮಾಳಿಗೆ, ಅದೇ ಏಣಿ. ಹೊಸ ಅಂಗಿ ತೊಟ್ಟ ಶಿವದೇವಿ ಮೊದಲ ಮೆಟ್ಟಿಲಿಗೆ ಕೈ ಹಾಕುವ ಮುಂಚೆ ಎರಡೂ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡು, ಸರಸರನೆ ಹತ್ತಿ ಟಾಕಿಯ ಮೇಲೆ ನಿಂತಳು. ಕೆಳಗೆ ನಿಂತ ಅಂಬವ್ವ ಅವಳ ಬಗಲನ್ನೇ ನೋಡುತ್ತಿದ್ದಳು. ಹೊಲಿಗೆ ಒಂದೆಳೆ ಕದಲಲಿಲ್ಲ. ಸಾವಿರಾರು ರವಿಕೆ ಹೊಲಿದಿದ್ದಳು, ಸೀರೆಗೆ ಹೊಂದಿತೇ ಎಂದಷ್ಟೇ ಕೇಳಿದ್ದಳು. ತನ್ನ ಹೊಲಿಗೆ ಹೀಗೆ ಗಾಳಿಗೆ ಎದುರಾಗಿ ಮೇಲೇರಿ ನಿಂತದ್ದನ್ನು ಅವಳು ನೋಡಿದ್ದು ಅದೇ ಮೊದಲು. “ಇಳಿ, ಇಳಿ, ಬಿದ್ದೀ” ಎಂದು ಬೈಯುವಂತೆ ಕೂಗಿದಳು.

ಸುಬ್ಬರಾಯರು ಒಪ್ಪಿದರು. ಆದರೂ ಬೆಂಗಳೂರಿನ ವಿತರಕ ನರಹರಿಯವರು ಬರುವ ದಿನ ಅವರು ಮೂರು ಸಲ ಮೆಟ್ಟಿಲಿಳಿದು ರಸ್ತೆ ನೋಡಿ ಬಂದರು. ಅಂಗಿಯನ್ನು ತೋರಿಸಬೇಕೆಂದು ಅಂಬವ್ವನನ್ನೂ ಕರೆಸಿದ್ದರು. ಶಂಶಾಬಾದಿನಿಂದ ಬರುವ ದಾರಿಯ ಟ್ರಾಫಿಕ್ಕನ್ನು ಬೈಯುತ್ತ ಒಳಗೆ ಬಂದ ನರಹರಿಯವರು ಪರದೆ ನೋಡಿ ಹುಬ್ಬು ಗಂಟಿಕ್ಕಿದರು.

“ಇದೇನ್ರೀ ಸುಬ್ಬರಾಯ್ರೇ, ಹೀರೋಯಿನ್ನು ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬಂದೋಳ ಥರ ಇದಾಳಲ್ಲ?”

“ಐದು ನಿಮಿಷ ಆಡಿ ನೋಡಿ ಸಾರ್” ಎಂದರು ಸುಬ್ಬರಾಯರು.

ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ತಂದಿಟ್ಟ ಕಾಫಿಗೆ ಕೆನೆ ಕಟ್ಟಿತು. ಪರದೆಯ ಮೇಲೆ ಹೀರಾ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಜಿಗಿದಳು, ಕಲ್ಲಿನ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ತೂಗಿದಳು, ಭುಜದ ಬಲದಿಂದ ಮೇಲೆದ್ದಳು. ಬುರುಜಿನ ಮೇಲೆ ಮೊಳಕಾಲಿಗೆ ಕೈ ಊರಿ ಏದುಸಿರು ಬಿಟ್ಟಳು. ನರಹರಿಯವರು ಕೀಲಿಗಳಿಂದ ಕೈ ತೆಗೆದರು.

“ಯಾಕೆ ಸಾರ್, ನಿಲ್ಲಿಸಿದ್ರಿ?”

“ಸುಸ್ತಾಗಿದಾಳಲ್ರೀ, ಸ್ವಲ್ಪ ಸುಧಾರಿಸ್ಕೊಳ್ಲಿ” ಎಂದರು ನರಹರಿಯವರು. ಹಾಗೆಂದದ್ದು ತಮ್ಮ ಕಿವಿಗೇ ಬಿದ್ದು, ಸುತ್ತಲಿದ್ದವರ ಮುಖ ನೋಡಿ ನಕ್ಕುಬಿಟ್ಟರು.

ಆಟ ಅವರಿಗೆ ಹಿಡಿಸಿತ್ತು. ಒಂದೇ ಒಂದು ಮಾತು: ಡಬ್ಬಿಯ ಮೇಲೆ ಮಾತ್ರ ಮೊದಲಿನ ಚಿತ್ರ ಇರಲಿ, ಅಂಗಡಿಯಲ್ಲಿ ಕಣ್ಣು ಸೆಳೆಯುತ್ತದೆ. ಸುಬ್ಬರಾಯರು ಆಯಿತು ಎನ್ನುವುದರಲ್ಲಿದ್ದರು. ಶಿವದೇವಿ ತಲೆ ತಗ್ಗಿಸಿದಳು. ಅಂಬವ್ವ ಮಾತಾಡಬಾರದೆಂದು ತುಟಿ ಕಚ್ಚಿಕೊಂಡಳು. ಮಾತಾಡಿದವನು ಮಲ್ಲಿಕಾರ್ಜುನ.

“ಆ ಚಿತ್ರ ನಾನ ಬರದದ್ರಿ ಸರ್, ನನಗ ಭಾಳ ಪ್ರೀತಿ ಇತ್ತು ಅದರ ಮ್ಯಾಲ. ಆದ್ರ ಡಬ್ಬಿ ತಗೊಂಡು ಮನಿಗೆ ಹೋದವ್ರು ಒಳಗ ಆಕಿನ್ನ ಹುಡುಕತಾರ. ಆಕಿ ಇಲ್ರಿ ಒಳಗ. ಇರೋದು ಈಕಿ. ನೀವು ಸುಧಾರಿಸ್ಕೊಳ್ಲಿ ಅಂದದ್ದು ಈಕಿಗೆ.”

ನರಹರಿಯವರು ಅಂಬವ್ವನ ಕೈಯಲ್ಲಿದ್ದ ಅಂಗಿಯನ್ನು ತೆಗೆದುಕೊಂಡು, ಕೆಂಪು ಅಂಚನ್ನು ಬೆರಳಿನಲ್ಲಿ ಸವರಿದರು. “ಜಿಗಿಯೋಕೆ ಮುಂಚೆ ಕೈ ಒರೆಸ್ಕೋತಾಳಲ್ಲ, ಅದನ್ನ ಬರೀರಿ. ಹಿಂದೆ ಕೋಟೆ ಪೂರ್ತಿ ಕಾಣ್ಲಿ. ಈ ಕೆಂಪು ಚೆನ್ನಾಗಿ ಬರ್ಲಿ” ಎಂದರು. ಆಮೇಲೆ ಆರಿದ ಕಾಫಿಯನ್ನೇ ಕುಡಿದರು.

ಸಂಕ್ರಾಂತಿಯ ಮುಂಚೆ ಆಟ ಅಂಗಡಿಗಳಿಗೆ ಬಂತು. ಅಂಗಡಿಯವರು ಮತ್ತೆ ಮತ್ತೆ ತರಿಸಿಕೊಳ್ಳುವಷ್ಟು ಜನ ಕೊಂಡರು. ಕಂಪನಿ ಇನ್ನೊಂದು ಆಟ ಶುರುಮಾಡುವ ಧೈರ್ಯ ಮಾಡಿತು. ಅದಕ್ಕೂ ಮೊದಲೇ, ಅಚ್ಚಾದ ಡಬ್ಬಿ ಬಂದ ದಿನ, ಸುಬ್ಬರಾಯರು ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಅಂಬವ್ವ ಬಂಡೆಪ್ಪನ ಜೊತೆ ಹೋದಳು. ಗಿರಿಜಾಬಾಯಿ ಡ್ಯೂಟಿ ಬದಲಿಸಿಕೊಂಡು ಬಂದಿದ್ದಳು. ಊಟವಾದ ಮೇಲೆ ಶಿವದೇವಿ ಅಂಬವ್ವನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಯಾವ ಕೀಲಿಗೆ ಓಡುತ್ತಾಳೆ, ಯಾವುದಕ್ಕೆ ಜಿಗಿಯುತ್ತಾಳೆ ಎಂದು ತೋರಿಸಿಕೊಟ್ಟಳು.

ಮೊದಲ ಸಲ ಹೀರಾ ನೇರ ಕಂದಕಕ್ಕೆ ಬಿದ್ದಳು. ಎರಡನೆಯ ಸಲ ಗೋಡೆಗೆ ಮುಖ ಮಾಡಿ ಓಡುತ್ತಲೇ ಇದ್ದಳು. ಮೂರನೆಯ ಸಲ ಹಾರಬೇಕಾದಲ್ಲಿ ಕುಳಿತುಬಿಟ್ಟಳು. “ಎಡಕ್ಕ ಒತ್ತು, ಎಡಕ್ಕ” ಎಂದು ಬಂಡೆಪ್ಪ ಹಿಂದಿನಿಂದ ಹೇಳಿದ. “ಬಲಕ್ಕ!” ಎಂದಳು ಗಿರಿಜಾಬಾಯಿ. ಮಲ್ಲಿಕಾರ್ಜುನ ಬಗ್ಗಿ ತಾನೇ ಕೀಲಿ ಒತ್ತಲು ಹೋದ.

ಅಂಬವ್ವ ಅವನ ಕೈಗೊಂದು ಏಟು ಕೊಟ್ಟಳು. ಕನ್ನಡಕವನ್ನು ಮೇಲೆ ಸರಿಸಿ, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

“ಎಲ್ಲಾರೂ ಸುಮ್ನಿರ್ರಿ. ಹುಡುಗಿ ಹತ್ತಾಕತ್ತಾಳ.”